ಸಿಎಚ್340 ಬೋರ್ಡ್ ಹಾಳಾಗಿದೆ ಅಂತ ಎಸೆಯುವ ಮುಂಚೆ

ಲಿನಕ್ಸ್‌ನ ಉಬುಂಟು 22.04ರಲ್ಲಿ ಸಿಎಚ್340 (ಯುಎಸ್‌ಬಿಯನ್ನು ಸೀರಿಯಲ್ ಪೋರ್ಟ್ ಆಗಿಸುವ ಚಿಪ್) ಇರುವ ಬೋರ್ಡ್ ಬಳಸುವವರು ಇದನ್ನು ಓದಿಯೇ ಮುಂದೆ ಹೋಗಿ. ಬೋರ್ಡ್ ಚೆನ್ನಾಗಿದ್ದರೂ ಜೇಬು ಖಾಲಿಯಾಗುತ್ತೆ.

ನನ್ನದು ಯುಎಸ್‌ಬಿ ರಿಲೇ, ಅಂದರೆ ಕಂಪ್ಯೂಟರ್‌ನಿಂದ ಆನ್-ಆಫ್ ಮಾಡುವ ಸ್ವಿಚ್. 9600 ಬಾಡ್ ವೇಗದಲ್ಲಿ ನಾಲ್ಕು ಬೈಟ್ ಕಳಿಸಿದರೆ ಟಕ್ ಅಂತ ಆನ್ ಆಗಬೇಕು. ಹಳೇ ಉಬುಂಟುವಿನಲ್ಲಿ ಆಗುತ್ತಿತ್ತು. ಅಪ್‌ಗ್ರೇಡ್ ಆದ ಮೇಲೆ ಟಕ್ಕೂ ಇಲ್ಲ, ಎರರ್ರೂ ಇಲ್ಲ. ರೂಟ್ (ಎಲ್ಲ ಹಕ್ಕೂ ಇರುವ ಯೂಸರ್) ಆಗಿ ಓಡುವ ನನ್ನ ಸ್ಕ್ರಿಪ್ಟ್ ಸುಮ್ನೆ ಮುಗಿಯುತ್ತಿತ್ತು. ಯುಎಸ್‌ಬಿ ಸಾಧನಗಳ ಪಟ್ಟಿ ತೋರಿಸುವ ಎಲ್‌ಎಸ್‌ಯುಎಸ್‌ಬಿ ಕಮಾಂಡ್ ಕೊಟ್ಟರೆ ಚಿಪ್ ಕಾಣುತ್ತಿತ್ತು. ಪೋರ್ಟ್‌ನ ವೇಗ ಹೊಂದಿಸುವ ಎಸ್‌ಟಿಟಿವೈ ಮಾತ್ರ 'ಇನ್‌ಅಪ್ರೋಪ್ರಿಯೇಟ್ ಐಆಕ್ಟಲ್ ಫಾರ್ ಡಿವೈಸ್' (ಈ ಸಾಧನಕ್ಕೆ ಈ ಆಜ್ಞೆ ಹೊಂದಲ್ಲ) ಅಂದಿತು. ಎಸ್.ಪಿ. ರೋಡ್‌ನ ಅಂಗಡಿಯವರು ಅದನ್ನು ನೋಡಿ, 'ಚಿಪ್ ಹೋಗಿದೆ ಸಾರ್' ಅಂತ ಹೊಸದು ಕೊಟ್ಟರು. ಅದೂ ಹಾಗೇ. ವಾಪಸ್ ತಗೊಳ್ಳಲ್ಲ ಅಂತ ರಸೀದಿ ಮೇಲೇ ಅಚ್ಚಾಗಿದೆ, ಇನ್ನೇನು ಜಗಳ ಆಡೋದು?

ಉತ್ತರ ಸಿಕ್ಕಿದ್ದು ಲಿನಕ್ಸ್‌ನ ಒಳಗಿನ ಸಂದೇಶ ತೋರಿಸುವ ಡಿಮೆಸೇಜ್‌ನಲ್ಲಿ. ಕೇಬಲ್ ಚುಚ್ಚಿದ ತಕ್ಷಣ ಟಿಟಿವೈಯುಎಸ್‌ಬಿ0 ಅನ್ನೋ ಪೋರ್ಟ್ ಹುಟ್ಟುತ್ತದೆ. ಹಿಂದೆಯೇ 'ಬಿಆರ್‌ಎಲ್‌ಟಿಟಿವೈ' ಅನ್ನೋ ಪ್ರೋಗ್ರಾಂ ಅದನ್ನು ಕಿತ್ತುಕೊಳ್ಳುತ್ತದೆ, ಪೋರ್ಟ್ ಮಾಯ. ಇದು ಅಂಧರು ಬೆರಳಿನಿಂದ ಓದುವ ಬ್ರೈಲ್ ಡಿಸ್‌ಪ್ಲೇ ನಡೆಸುವ ಪ್ರೋಗ್ರಾಂ. ಕೆಲವು ಬ್ರೈಲ್ ಯಂತ್ರಗಳ ಯುಎಸ್‌ಬಿ ಐಡಿಯೂ ಸಿಎಚ್340ರ ಐಡಿಯೂ ಒಂದೇ, 1ಎ86:7523. ಹಾಗಾಗಿ ನಮ್ಮ ರಿಲೇ ಅದರ ಕಣ್ಣಿಗೆ ಬ್ರೈಲ್ ಯಂತ್ರ.

ಎರರ್ ಯಾಕೆ ಬರಲಿಲ್ಲ ಅಂತೀರಾ? ನಿಜವಾದ ಮೋಸ ಇರುವುದೇ ಅಲ್ಲಿ. ಪೋರ್ಟ್ ಇಲ್ಲದಾಗ ರೂಟ್ ಆಗಿ ಆ ಹೆಸರಿಗೆ ಬೈಟ್ ತಳ್ಳಿದರೆ, ಲಿನಕ್ಸ್ ಅದೇ ಹೆಸರಿನ ಮಾಮೂಲಿ ಫೈಲ್ ಮಾಡಿ ಅದರೊಳಗೆ ಬರೆದುಬಿಡುತ್ತದೆ! ಎಸ್‌ಟಿಟಿವೈ ಗೊಣಗಿದ್ದೂ ಅದಕ್ಕೇ. ಆ ಹೆಸರಿಗೆ ಎಲ್‌ಎಸ್ -ಎಲ್ ಕಮಾಂಡ್ ಕೊಟ್ಟು ಸಾಲಿನ ಮೊದಲ ಅಕ್ಷರ ನೋಡಿ. 'ಸಿ' ಇದ್ದರೆ ಪೋರ್ಟ್, ಬರೀ ಗೀಟಿದ್ದರೆ ಫೈಲ್.

ಮನೆಯಲ್ಲಿ ಯಾರೂ ಬ್ರೈಲ್ ಡಿಸ್‌ಪ್ಲೇ ಬಳಸದಿದ್ದರೆ ಬಿಆರ್‌ಎಲ್‌ಟಿಟಿವೈಯನ್ನು ಎಪಿಟಿ ಕಮಾಂಡ್‌ನಿಂದ ತೆಗೆಯಿರಿ. ಬಳಸುವವರಿದ್ದರೆ ತೆಗೆಯಬೇಡಿ, ಅವರಿಗೆ ಸ್ಕ್ರೀನೇ ಅದು. ಅದರ ಯುಡೆವ್ ರೂಲ್ಸ್ ಫೈಲ್‌ನಲ್ಲಿ (ಯಾವ ಸಾಧನ ಚುಚ್ಚಿದರೆ ಏನಾಗಬೇಕು ಅನ್ನೋ ನಿಯಮಗಳು) ಈ ಐಡಿಯ ಸಾಲಿನ ಶುರುವಿಗೆ ಮಾತ್ರ ಹ್ಯಾಶ್ (#) ಹಾಕಿ, ಆ ಸಾಲು ಕೆಲಸ ಮಾಡಲ್ಲ. ಅವರ ಯಂತ್ರದ ಐಡಿಯೂ ಇದೇ ಅಲ್ಲ ತಾನೇ ಅಂತ ಮೊದಲು ನೋಡಿಕೊಳ್ಳಿ.

ಆಮೇಲೆ ಸುಳ್ಳು ಫೈಲನ್ನು ಅಳಿಸಿ, ಕೇಬಲ್ ಕಿತ್ತು ಮತ್ತೆ ಚುಚ್ಚಿ. ಸ್ಕ್ರಿಪ್ಟ್ ರೂಟ್ ಆಗಿ ಓಡೋದು ಬೇಡ. ನಿಮ್ಮ ಯೂಸರನ್ನು ಸೀರಿಯಲ್ ಪೋರ್ಟ್ ಬಳಸುವ ಹಕ್ಕಿರುವ ಡಯಲ್‌ಔಟ್ ಗ್ರೂಪಿಗೆ ಸೇರಿಸಿ, ಒಮ್ಮೆ ಲಾಗೌಟ್ ಆಗಿ ಬನ್ನಿ. ಮಾಮೂಲಿ ಯೂಸರ್‌ಗೆ ಪೋರ್ಟ್‌ಗಳಿರುವ ಫೋಲ್ಡರ್‌ನಲ್ಲಿ ಫೈಲ್ ಮಾಡುವ ಹಕ್ಕಿಲ್ಲ. ಪೋರ್ಟ್ ಮಾಯವಾದರೆ ಆ ಕ್ಷಣವೇ ಎರರ್ ಬರುತ್ತದೆ.