ಸಮ್, ಖುರಿ, ಫಲೋದಿ: ಮೂರು ಕಡೆ ಉಳಿದು ನೋಡಿದ ಮೇಲೆ

ಮರುಭೂಮಿ ನೋಡಬೇಕು, ಎಲ್ಲಿಗೆ ಹೋಗೋಣ ಅಂತ ಯಾರು ಕೇಳಿದರೂ ಈಗ ನಾನು ಹೇಳುವುದು ಒಂದೇ ಊರು: ರಾಜಸ್ಥಾನದ ಫಲೋದಿ. ಕಳೆದ ಜನವರಿಯಲ್ಲಿ ಮುಂಬೈಯ ಬೊರಿವಲಿಯಿಂದ ನಾವು ನಾಲ್ಕು ಜನ ಹೊರಟಿದ್ದೆವು. ನಾನು, ನಮ್ಮ ಯಜಮಾನರು, ಅತ್ತೆ, ಆರನೇ ಕ್ಲಾಸಿನ ಮಗ. ಜೈಸಲ್ಮೇರ್ ಹತ್ತಿರದ ಸಮ್‌ನಲ್ಲಿ ಟೆಂಟು, ಖುರಿ ಎಂಬ ಹಳ್ಳಿಯಲ್ಲಿ ಮಣ್ಣಿನ ಗುಡಿಸಲು, ಕೊನೆಗೆ ಫಲೋದಿಯ ಒಂದು ಹಳೇ ಮನೆ. ಹೀಗೆ ಮೂರು ಕಡೆ ಉಳಿದೆವು. ದುಡ್ಡು ಜಾಸ್ತಿ ಹೋಗಿದ್ದು ಮೊದಲನೆಯದಕ್ಕೆ. ಮನಸ್ಸು ನಿಂತಿದ್ದು ಕೊನೆಯದರಲ್ಲಿ.

ದಾರಿ ಮೂರಕ್ಕೂ ಒಂದೇ. ಬಾಂದ್ರಾ ಟರ್ಮಿನಸ್‌ನಿಂದ ಬರುವ ಸೂರ್ಯನಗರಿ ಎಕ್ಸ್‌ಪ್ರೆಸ್ ಬೊರಿವಲಿಯಲ್ಲಿ ನಿಲ್ಲುತ್ತದೆ. ಮರುದಿನ ಬೆಳಿಗ್ಗೆ ಜೋಧಪುರ. ಅಲ್ಲಿಂದ ಜೈಸಲ್ಮೇರ್ ರೈಲು ಫಲೋದಿಯ ಮೇಲೇ ಹೋಗುತ್ತದೆ. ಹೋಗುವಾಗ ಆ ಸ್ಟೇಷನ್ನಿನಲ್ಲಿ ಚಹಾ ಕುಡಿದು, ಸುಮ್ನೆ ಮುಂದೆ ಹೋಗಿಬಿಟ್ಟೆವು.

ಸಮ್‌ನ ಟೆಂಟನ್ನು ಮುಂಬೈಯಿಂದಲೇ ಬುಕ್ ಮಾಡಿದ್ದೆವು. ನಾಲ್ಕು ಜನಕ್ಕೆ ಎರಡು ರಾತ್ರಿಗೆ 18,000 ರೂಪಾಯಿ, ಪೂರ್ತಿ ಮುಂಗಡ. ಊಟ, ರಾತ್ರಿ ಕುಣಿತ, ಒಂಟೆ ಸವಾರಿ ಎಲ್ಲ ಅದರಲ್ಲೇ. ಕ್ಯಾಂಪಿನ ಹೆಸರು ಬೇಡ. ಫೋಟೋದಲ್ಲಿ ಅಲೆ ಅಲೆಯಾದ ಮರಳು, ಒಂದು ಹೆಜ್ಜೆ ಗುರುತೂ ಇಲ್ಲ. ನಮಗೆ ಮರಳು ಅಂದರೆ ಊರಲ್ಲಿ ಮಲ್ಪೆ, ಮುಂಬೈಯಲ್ಲಿ ಗೊರಾಯಿ ಬೀಚು. ಅದನ್ನು ಬಿಟ್ಟು ಬೇರೆ ಮರಳು ನೋಡೋಣ ಎಂಬ ಆಸೆ. ಮೊದಲ ದಿನ ಬೆಳಿಗ್ಗೆ ಸೂರ್ಯ ಹುಟ್ಟುವುದನ್ನು ನೋಡಲು ದಿಬ್ಬ ಹತ್ತಿದೆವು. ಬೆಳಕು ಬೀಳುತ್ತಾ ಬಂದ ಹಾಗೆ ಮರಳಿನ ಒಂದೊಂದು ಗೆರೆಯಲ್ಲೂ ಏನೋ ಸಿಕ್ಕಿಕೊಂಡಿದ್ದು ಕಾಣತೊಡಗಿತು. ಚಹಾದ ಕಪ್ಪು, ಗುಟ್ಕಾ ಚೀಟಿ, ಚಿಪ್ಸ್ ಪ್ಯಾಕೆಟ್. ಅತ್ತೆ ಚಪ್ಪಲಿ ಬಿಟ್ಟು ನಡೆಯುತ್ತಿದ್ದರು. ಅವರ ಕಾಲಿನ ಪಕ್ಕದಲ್ಲೇ ಒಡೆದ ಬಿಯರ್ ಬಾಟಲಿಯ ಕುತ್ತಿಗೆ. ಆಮೇಲೆ ಅವರು ದಿಬ್ಬದ ಕಡೆ ಬರಲೇ ಇಲ್ಲ.

ನನ್ನನ್ನು ಇಡೀ ಪ್ರವಾಸ ಕಾಡಿದ್ದು ನೀರಿನ ಬಾಟಲಿ. ಕ್ಯಾಂಪಿನಲ್ಲಿ ಕುಡಿಯಲು ಕೊಡುವುದೆಲ್ಲ ಒಂದು ಲೀಟರಿನ ಬಾಟಲಿ. ನಮ್ಮ ಸ್ಟೀಲ್ ಬಾಟಲಿಗೆ ತುಂಬಿಸಿಕೊಳ್ಳುತ್ತೇವೆ ಅಂದರೆ ಫಿಲ್ಟರ್ ಇಲ್ಲ ಅಂದರು. ಎರಡು ದಿನದಲ್ಲಿ ಟೆಂಟಿನ ಮೂಲೆಯಲ್ಲಿ 23 ಖಾಲಿ ಬಾಟಲಿ ಸೇರಿದವು. ಎಲ್ಲಿ ಹಾಕಲಿ ಅಂತ ಕೇಳಿದಾಗ ಕೆಲಸದ ಹುಡುಗ ಬಾಗಿಲ ಹತ್ತಿರದ ನೀಲಿ ಡ್ರಮ್ ತೋರಿಸಿದ. ಸದ್ಯ, ವ್ಯವಸ್ಥೆ ಇದೆಯಲ್ಲ ಅಂದುಕೊಂಡು ಅದಕ್ಕೇ ಹಾಕಿದೆ. ಸಂಜೆ ನೋಡಿದರೆ ಅದೇ ಹುಡುಗ ಡ್ರಮ್ ಎತ್ತಿಕೊಂಡು ಹೋಗಿ ಕ್ಯಾಂಪಿನ ಹಿಂದಿನ ತಗ್ಗಿನಲ್ಲಿ ಸುರಿಯುತ್ತಿದ್ದ. ತಗ್ಗಿನ ತುಂಬ ಹಿಂದೆ ಸುಟ್ಟ ಕಪ್ಪು ಉಂಡೆಗಳು. ಹಗುರವಾದದ್ದನ್ನೆಲ್ಲ ಗಾಳಿ ಎತ್ತಿಕೊಂಡು ಹೋಗಿ ಆಚೆಯ ಮರಕ್ಕೆ ಸಿಕ್ಕಿಸಿತ್ತು. ಅತ್ತೆ ಆ ಮರವನ್ನೇ ನೋಡುತ್ತಾ ನಿಂತರು. ಅಲ್ಲಿಯವರು ಖೇಜ್ರಿ ಅನ್ನುವುದು ನಮ್ಮ ಬನ್ನಿ ಮರವನ್ನೇ. ರಾಜಸ್ಥಾನದ ರಾಜ್ಯ ಮರ. ದಸರೆಗೆ ನಾವು ಸುತ್ತು ಹಾಕಿ ಎಲೆ ತರುವ ಮರದ ಕೊಂಬೆ ಕೊಂಬೆಗೂ ಪ್ಲಾಸ್ಟಿಕ್ ಚೀಲ. "ಬನ್ನಿ ಮರಕ್ಕೆ ಈ ಗತಿಯಾ?" ಅಂದರು. ನಾನು ತಗ್ಗಿಗೆ ಇಳಿದು ನಮ್ಮ 23 ಬಾಟಲಿಗಳನ್ನು ಲೆಕ್ಕ ಮಾಡಿ ವಾಪಸ್ ತಂದೆ. ತುಳಿದು ಚಪ್ಪಟೆ ಮಾಡಿ ಒಂದು ಚೀಲಕ್ಕೆ ತುಂಬಿದೆ.

ರಾಜಸ್ಥಾನದಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ 2010ರಿಂದಲೇ ನಿಷೇಧ. 2022ರ ಜುಲೈ 1ರಿಂದ ದೇಶಕ್ಕೆಲ್ಲ ಸ್ಟ್ರಾ, ಪ್ಲಾಸ್ಟಿಕ್ ಚಮಚ, ಲೋಟಗಳೂ ಬಂದ್. ಆದರೆ ನೀರಿನ ಬಾಟಲಿ, ಚಿಪ್ಸ್ ಪ್ಯಾಕೆಟ್ ಆ ಪಟ್ಟಿಯಲ್ಲಿ ಇಲ್ಲ. ಮರುಭೂಮಿಯಲ್ಲಿ ಬಿದ್ದಿರುವುದು ಹೆಚ್ಚಾಗಿ ಇವೇ ಎರಡು. ನಮ್ಮೂರಿನ ಮಳೆಗೆ ಕಸ ಕೊಚ್ಚಿಕೊಂಡಾದರೂ ಹೋಗುತ್ತದೆ. ಇಲ್ಲಿ ಹೋಗುವುದೇ ಇಲ್ಲ. ಮರಳಿನಲ್ಲಿ ಹೂತರೂ ದಿಬ್ಬ ಗಾಳಿಗೆ ಸರಿದಾಗ ಮತ್ತೆ ಮೇಲೆ ಬರುತ್ತದೆ. ಬಿಸಿಲಿಗೆ ಪ್ಲಾಸ್ಟಿಕ್ ಗರಿಗರಿಯಾಗಿ, ಮುಟ್ಟಿದರೆ ಚೂರು ಚೂರು. ಆಮೇಲೆ ಅದನ್ನು ಆರಿಸುವವರು ಯಾರು?

ಮಗ ಹತ್ತಿದ್ದ ಒಂಟೆ ದಾರಿಯಲ್ಲಿ ಬಗ್ಗಿ ಏನೋ ಬಾಯಿಗೆ ಹಾಕಿಕೊಂಡಿತು. ಒಂಟೆಯವನು ಹಗ್ಗ ಎಳೆದು ನಿಲ್ಲಿಸಿ, ಮೊಣಕೈವರೆಗೆ ಕೈ ಒಳಗೆ ಹಾಕಿ ಒಂದು ಕಿತ್ತಳೆ ಬಣ್ಣದ ಪ್ಯಾಕೆಟ್ ಎಳೆದ. ಜೊಲ್ಲು ಸುರಿಯುತ್ತಿತ್ತು. ಅದನ್ನು ಕೆಳಗೆ ಬಿಸಾಡದೆ ತನ್ನ ಅಂಗಿಯ ಜೇಬಿಗೇ ಹಾಕಿಕೊಂಡ. ಅವರ ಮನೆಯ ಒಂದು ಒಂಟೆ ಇದರಿಂದಲೇ ಹೋಯಿತಂತೆ, ಹೊಟ್ಟೆಯಲ್ಲಿ ಗಂಟು ಕಟ್ಟಿ. ಮಗ ಆ ದಿನದಿಂದ ಚಿಪ್ಸ್ ಕೇಳಲಿಲ್ಲ.

ಜೈಸಲ್ಮೇರ್ ಊರಿಗೆ ಒಂದು ದಿನ ಸಾಕು. 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ ಕೋಟೆ, ಹಳದಿ ಕಲ್ಲು, ಒಳಗೆ ಇಂದಿಗೂ ಜನ ಸಂಸಾರ ಮಾಡಿಕೊಂಡಿದ್ದಾರೆ. 2013ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಕೊಡದಲ್ಲಿ ನೀರು ಹೊತ್ತು ಬದುಕಿದ ಕಾಲದ ಕೋಟೆಗೆ ಈಗ ನಲ್ಲಿ, ಹೋಟೆಲುಗಳ ಬಾತ್‌ರೂಮು ಎಲ್ಲ ಬಂದು, ನೀರು ಇಂಗಿ ಬುಡವೇ ಸಡಿಲವಾಗುತ್ತಿದೆ. ಅದಕ್ಕೇ ನಾವು ಕೋಟೆಯೊಳಗೆ ರೂಮು ಮಾಡಲಿಲ್ಲ. ಹೊರಗಿನ ಒಂದು ಗುಜರಿ ಅಂಗಡಿಗೆ ನನ್ನ ಚೀಲ ಹಿಡಿದು ಹೋದೆ. ಕಬ್ಬಿಣ ಇದ್ದರೆ ಕೊಡಿ, ರಟ್ಟು ಇದ್ದರೆ ಕೊಡಿ, ಬಾಟಲಿ ಬೇಡ ಅಂದ. ಗೋಣಿಗಟ್ಟಲೆ ಇದ್ದರೆ ಮಾತ್ರ ಲಾರಿ ಖರ್ಚು ಹುಟ್ಟುತ್ತದಂತೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಖಾಲಿ ಬಾಟಲಿ ಅಂದರೆ ಬರೀ ಗಾಳಿ ಅಲ್ವಾ, ತೂಕ ಎಲ್ಲಿಂದ ಬರಬೇಕು?

ಖುರಿ ಜೈಸಲ್ಮೇರ್‌ನಿಂದ ಸುಮಾರು 50 ಕಿ.ಮೀ. ಒಬ್ಬರಿಗೆ ಊಟ ಸೇರಿ ದಿನಕ್ಕೆ 1,200. ಮಣ್ಣಿನ ಗೋಡೆ, ಹುಲ್ಲಿನ ಮಾಡು, ರಾತ್ರಿ ಒಳ್ಳೆ ಬೆಚ್ಚಗಿತ್ತು. ದಿಬ್ಬಗಳು ಸಮ್‌ಗಿಂತ ಚಿಕ್ಕವು, ಜನ ಕಡಿಮೆ, ಕಸವೂ ಕಡಿಮೆ. ನೀರಿಗೆ 20 ಲೀಟರಿನ ಕ್ಯಾನ್ ಇಟ್ಟಿದ್ದರು, ಸ್ಟೀಲ್ ಬಾಟಲಿ ಕೊನೆಗೂ ಕೆಲಸಕ್ಕೆ ಬಂತು. ಊಟ ಆದ ಮೇಲೆ ಆ ಮನೆಯ ಸೊಸೆ ತಟ್ಟೆಗಳನ್ನು ಅಂಗಳಕ್ಕೆ ತಂದು, ಒಂದು ಹಿಡಿ ಒಣ ಮರಳು ಹಾಕಿ ಅಂಗೈಯಲ್ಲಿ ಗರಗರ ತಿಕ್ಕಿದಳು. ಜಿಡ್ಡೆಲ್ಲ ಮರಳಿಗೆ ಅಂಟಿಕೊಂಡು ಬಂತು. ಕೊಡವಿ, ಬಟ್ಟೆಯಲ್ಲಿ ಒರೆಸಿದಳು. ಒಂದು ಹನಿ ನೀರಿಲ್ಲ. ಅತ್ತೆ ಪಕ್ಕದಲ್ಲಿ ಕೂತು ತಾವೂ ಒಂದು ತಟ್ಟೆ ತಿಕ್ಕಿ ನೋಡಿದರು. ತೊಂದರೆ ಅಂದರೆ ಕಕ್ಕಸು ದೂರ. ಮಂಡಿ ನೋವಿನವರಿಗೆ ರಾತ್ರಿ ಎದ್ದು ಆ ಚಳಿಯಲ್ಲಿ ಹೋಗುವುದು ಕಷ್ಟ. ಇನ್ನು ನನ್ನ ಬಾಟಲಿ ಚೀಲ? ಮನೆಯ ಯಜಮಾನರು ನೇರವಾಗಿ ಹೇಳಿದರು, ಇಲ್ಲಿ ನಾವು ಸುಡುತ್ತೇವೆ ಅಷ್ಟೇ. ಚೀಲ ಮತ್ತೆ ನನ್ನ ಹೆಗಲಿಗೆ ಬಂತು.

ಫಲೋದಿ ಚಂದದ ಊರು ಅಂತ ನಾನು ಹೇಳುವುದಿಲ್ಲ. ಉಪ್ಪಿನ ವ್ಯಾಪಾರದ ಊರು, ಧೂಳು, ಲಾರಿಗಳ ಹಾರ್ನು. 2016ರ ಮೇ 19ರಂದು 51 ಡಿಗ್ರಿ ಬಿಸಿಲು ದಾಖಲಾದ ಜಾಗ ಇದು. ಹೆದ್ದಾರಿ ಪಕ್ಕದ ಪೊದೆಗಳಲ್ಲಿ ಇಲ್ಲೂ ಪ್ಲಾಸ್ಟಿಕ್ ನೋಡಿದೆ. ಮರಳಿನ ದಿಬ್ಬದ ಮೇಲೆ ಫೋಟೋ ಬೇಕು ಅನ್ನುವವರಿಗೆ ಈ ಊರು ಆಗುವುದಿಲ್ಲ. ಆದರೆ ನಾವು ಇಳಿದ ಮನೆಯ ಜಗಲಿಯಲ್ಲಿ ಒದ್ದೆ ಬಟ್ಟೆ ಸುತ್ತಿದ ಎರಡು ಮಣ್ಣಿನ ಮಡಕೆ, ಪಕ್ಕದಲ್ಲಿ ಉದ್ದ ಹಿಡಿಯ ಸೌಟು. ಯಾರು ಬೇಕಾದರೂ ಎಷ್ಟು ಬೇಕಾದರೂ ತುಂಬಿಸಿಕೊಳ್ಳಬಹುದು. ಎರಡು ರೂಮಿಗೆ ದಿನಕ್ಕೆ 2,400. ಮೂರು ದಿನದಲ್ಲಿ ನಾವು ಒಂದೇ ಒಂದು ಬಾಟಲಿ ಕೊಳ್ಳಲಿಲ್ಲ.

ಎರಡನೇ ದಿನ ಬೀದಿಯಲ್ಲಿ ಕೈಗಾಡಿಯ ಗುಜರಿಯವನ ಕೂಗು ಕೇಳಿಸಿತು. ಮನೆಯ ಅಮ್ಮ ಹಾಲಿನ ಕವರಿನ ಕಟ್ಟು ಹಿಡಿದು ಹೊರಗೆ ಹೋದರು. ನಾನೂ ಓಡಿದೆ. ಅವನು ನನ್ನ ಚೀಲವನ್ನು ತಕ್ಕಡಿಯ ಕೊಕ್ಕೆಗೆ ಹಾಕಿದ. ಅರ್ಧ ಕಿಲೋ. ಐದು ರೂಪಾಯಿ ಕೊಟ್ಟ. ಎಲ್ಲಿಗೆ ಹೋಗುತ್ತದೆ ಅಂತ ಕೇಳಿದೆ. ಜೋಧಪುರದಿಂದ ಸಾಮಾನು ತರುವ ಲಾರಿಗಳು ಖಾಲಿ ಹೋಗುವಾಗ ಗೋಣಿ ಹೇರಿಕೊಂಡು ಹೋಗುತ್ತವೆ ಅಂದ. ನಾಲ್ಕು ದಿನ ಹೊತ್ತ ಚೀಲ ಅವನ ಗಾಡಿಯಲ್ಲಿ ಹೋಗುವುದನ್ನು ನೋಡುತ್ತಾ ಬಾಗಿಲಲ್ಲೇ ನಿಂತಿದ್ದೆ. ಆ ಐದು ರೂಪಾಯಿ ನಾಣ್ಯ ಇನ್ನೂ ನನ್ನ ಪರ್ಸಿನಲ್ಲಿದೆ.

ಇನ್ನು ಖೀಚನ್ ಎಂಬ ಹಳ್ಳಿ. ಫಲೋದಿಯಿಂದ ಆಟೋದಲ್ಲಿ ಹತ್ತು ಹದಿನೈದು ನಿಮಿಷ. ಮಂಗೋಲಿಯಾ, ಕಜಾಕಿಸ್ತಾನದ ಕಡೆಯಿಂದ ಕುರ್ಜಾ ಹಕ್ಕಿಗಳು ಚಳಿಗಾಲಕ್ಕೆ ಇಲ್ಲಿಗೆ ಬರುತ್ತವೆ. ಕ್ರೌಂಚಗಳಲ್ಲೇ ಚಿಕ್ಕ ಜಾತಿ, ಬೂದು ಮೈ, ಕಪ್ಪು ಕತ್ತು, ಕಣ್ಣಿನ ಹಿಂದೆ ಬಿಳಿ ಗರಿಯ ಜುಟ್ಟು. ಊರಿನವರು ಬೇಲಿ ಕಟ್ಟಿ, ದಿನಾ ಕಾಳು ಹಾಕುತ್ತಾರೆ. 2025ರ ಜೂನ್‌ನಲ್ಲಿ ಈ ಜಾಗ ರಾಮ್ಸಾರ್ ಪಟ್ಟಿಗೂ, ಅಂದರೆ ಮುಖ್ಯ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಗೂ ಸೇರಿತು. ಬೆಳಿಗ್ಗೆ ಎದುರಿನ ಮನೆಯ ತಾರಸಿಯಿಂದ ನೋಡಿದೆವು. ಮೊದಲು ದೂರದಿಂದ ಕುರ್‌ರ್ ಕುರ್‌ರ್ ಶಬ್ದ, ಆಮೇಲೆ ಇಡೀ ಆಕಾಶವೇ ಇಳಿದು ಬಂದ ಹಾಗೆ. ಹಕ್ಕಿಗಳು ಎದ್ದ ಮೇಲೆ ಒಬ್ಬ ಮುದುಕರು ಪೊರಕೆ ಹಿಡಿದು ಅಂಗಳ ಗುಡಿಸಿದರು. ಜೋಳದ ಖಾಲಿ ಗೋಣಿಗಳನ್ನು ಕೊಡವಿ, ನಾಲ್ಕು ಮಡಿಕೆ ಮಾಡಿ, ಒಂದರ ಮೇಲೊಂದು ಜೋಡಿಸಿಟ್ಟರು. ಮಗ ಕೇಳಿದ್ದಕ್ಕೆ, ಇವು ವಾಪಸ್ ಅಂಗಡಿಗೆ, ನಾಳೆ ಮತ್ತೆ ಕಾಳು ತುಂಬಿ ಬರುತ್ತವೆ ಅಂದರು.

ಮರಳಿನ ದಿಬ್ಬವೇ ಬೇಕು ಅನ್ನುವವರು, ಕಾಲು ಗಟ್ಟಿ ಇರುವವರು ಖುರಿಗೆ ಹೋಗಿ. ಸಮ್‌ಗೆ ಆ 18,000 ನಾನು ಇನ್ನೊಮ್ಮೆ ಕೊಡುವುದಿಲ್ಲ. ನಮಗೆ ಬೇಕಾದದ್ದು ಇಷ್ಟೇ: ಅತ್ತೆಗೆ ಹತ್ತಿರದಲ್ಲಿ ಬಾತ್‌ರೂಮು, ನನಗೆ ಸ್ಟೀಲ್ ಬಾಟಲಿ ತುಂಬಿಸಲು ನೀರು, ಮಗನಿಗೆ ಹಕ್ಕಿ. ಕುರ್ಜಾಗಳು ಮಾರ್ಚ್‌ನಲ್ಲಿ ವಾಪಸ್ ಹೊರಡುತ್ತವೆ. ಅದಕ್ಕೇ ಬರುವ ಫೆಬ್ರವರಿಗೆ ಸೂರ್ಯನಗರಿಯಲ್ಲಿ ಸೀಟು ನೋಡುತ್ತಿದ್ದೇವೆ. ಈ ಸಲ ಐದು ಟಿಕೆಟ್. ನಮ್ಮ ಮಹಡಿಯ ಕುಂದಾಪುರದ ಅಕ್ಕನೂ ಬರುತ್ತೇನೆ ಅಂದಿದ್ದಾರೆ. ಸ್ಟೀಲ್ ಬಾಟಲಿ ಆಗಲೇ ತಂದಿಟ್ಟುಕೊಂಡಿದ್ದಾರೆ.