ಪಿಎಸ್5, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, ಸ್ವಿಚ್: ಯಾವುದು ಎಲ್ಲಿ ಕೈಕೊಡುತ್ತದೆ

ಎಕ್ಸ್‌ಬಾಕ್ಸ್ 360 ಕೆಟ್ಟಾಗ ಅದರ ಮುಂಭಾಗದಲ್ಲಿ ಉರಿಯುತ್ತಿದ್ದ ಕೆಂಪು ಉಂಗುರ ನೋಡಿದವರಿಗೆ ಗೇಮ್ ಕನ್ಸೋಲ್ ಕೆಡುವುದೆಂದರೆ ಚಿಪ್ ಬೆಂದುಹೋಗುವುದು ಎಂಬ ಭಾವನೆ ಇನ್ನೂ ಉಳಿದಿದೆ. 2005ರಲ್ಲಿ ಬಂದ ಆ ಕನ್ಸೋಲಿನ ಗ್ರಾಫಿಕ್ಸ್ ಚಿಪ್ ಕಾದು ತಣಿದು, ಕಾದು ತಣಿದು ಒಳಗಿನ ಬೆಸುಗೆ ಬಿರುಕು ಬಿಡುತ್ತಿತ್ತು. 2007ರ ಜುಲೈನಲ್ಲಿ ಮೈಕ್ರೋಸಾಫ್ಟ್ ವಾರಂಟಿಯನ್ನು ಮೂರು ವರ್ಷಕ್ಕೆ ಏರಿಸಿ, ಅದಕ್ಕಾಗಿ 100 ಕೋಟಿ ಡಾಲರಿಗೂ ಹೆಚ್ಚು ತೆಗೆದಿಡಬೇಕಾಯಿತು. ಈಗಿನ ಪೀಳಿಗೆಯಲ್ಲಿ ಆ ಕಾಯಿಲೆ ಹೆಚ್ಚುಕಡಿಮೆ ವಾಸಿಯಾಗಿದೆ. ಇವತ್ತು ರಿಪೇರಿಗೆ ಬರುವುದು ಎಚ್‌ಡಿಎಂಐ ಪೋರ್ಟ್, ಸ್ಟಿಕ್, ಚಾರ್ಜಿಂಗ್ ಭಾಗ, ಡಿಸ್ಕ್ ಡ್ರೈವ್. ಆದ್ದರಿಂದ ಸೋನಿಯ ಪಿಎಸ್5, ಮೈಕ್ರೋಸಾಫ್ಟಿನ ಸೀರೀಸ್ ಎಕ್ಸ್, ನಿಂಟೆಂಡೊದ ಸ್ವಿಚ್ ಮೂರನ್ನೂ ಒಂದೇ ಪ್ರಶ್ನೆಯಿಂದ ಅಳೆಯುತ್ತೇವೆ: ಮೊದಲು ಸೋಲುವ ಭಾಗ ಯಾವುದು, ಅದನ್ನು ಬೋರ್ಡಿನ ಬೆಸುಗೆ ಬಿಡಿಸದೆ ಬದಲಿಸಬಹುದೇ?

ಬಿಸಿಯಿಂದಲೇ ಶುರುಮಾಡೋಣ. ಪಿಎಸ್5ರಲ್ಲಿ ಚಿಪ್ಪಿಗೂ ಹೀಟ್‌ಸಿಂಕಿಗೂ ನಡುವೆ ಇರುವುದು ಪೇಸ್ಟ್ ಅಲ್ಲ, ಗ್ಯಾಲಿಯಂ ಬೆರೆತ ದ್ರವಲೋಹ. ಅದು ಬಿಸಿಯನ್ನು ಪೇಸ್ಟಿಗಿಂತ ಚೆನ್ನಾಗಿ ದಾಟಿಸುತ್ತದೆ, ಜೊತೆಗೆ ಕರೆಂಟನ್ನೂ ಹರಿಸುತ್ತದೆ. ಹೊರಗೆ ಜಾರದಂತೆ ಸುತ್ತ ಫೋಮಿನ ಕಟ್ಟೆ ಇದೆ. ಯಾರೂ ಬಿಚ್ಚದ ಕನ್ಸೋಲಿನಲ್ಲಿ ಈ ಕಟ್ಟೆ ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತದೆ. ಆದರೆ ಕೆಲವು ಹಳೆಯ ಮಾದರಿಗಳಲ್ಲಿ ಲೋಹ ಒಂದು ಬದಿಗೆ ಸರಿದು ಚಿಪ್ಪಿನ ಮೇಲೆ ಒಣ ಜಾಗ ಉಳಿಯುತ್ತದೆ. ಮೆನುವಿನಲ್ಲಿ ಗಂಟೆಗಟ್ಟಲೆ ಸುಮ್ಮನಿದ್ದು, ಭಾರೀ ಗೇಮ್ ಹಾಕಿದ ಕೆಲವೇ ನಿಮಿಷಕ್ಕೆ ಫ್ಯಾನ್ ಜೋರಾಗಿ ಕನ್ಸೋಲ್ ಆಫ್ ಆದರೆ ಅನುಮಾನ ಇಲ್ಲೇ ಇಡಬೇಕು. ಹೀಟ್‌ಸಿಂಕ್ ತೆಗೆದು ಮತ್ತೆ ಹಾಕುವ ಕೆಲಸವನ್ನು ದ್ರವಲೋಹ ಗೊತ್ತಿಲ್ಲದವರ ಕೈಗೆ ಕೊಡಲೇಬೇಡಿ. ಒಂದು ಹನಿ ಪಕ್ಕದ ಕೆಪಾಸಿಟರ್ ಮೇಲೆ ಬಿದ್ದರೂ ಬೋರ್ಡ್ ಶಾರ್ಟ್.

ಸೀರೀಸ್ ಎಕ್ಸ್‌ನಲ್ಲಿ ಮಾಮೂಲಿ ಪೇಸ್ಟ್, ಮೇಲೆ ವೇಪರ್ ಚೇಂಬರ್, ಅಂದರೆ ಒಳಗಿನ ದ್ರವ ಆವಿಯಾಗಿ ಬಿಸಿಯನ್ನು ಹರಡುವ ಲೋಹದ ತಟ್ಟೆ. ಬೋರ್ಡನ್ನು ಎರಡಾಗಿ ಸೀಳಿ ನಡುವಿನ ಅಲ್ಯೂಮಿನಿಯಂ ಚೌಕಟ್ಟಿನ ಎರಡೂ ಬದಿಗೆ ಕೂರಿಸಿದ್ದಾರೆ. ತುದಿಯಲ್ಲಿರುವ 130 ಮಿಲಿಮೀಟರ್ ಫ್ಯಾನ್ ಗಾಳಿಯನ್ನು ಕೆಳಗಿನಿಂದ ಎಳೆದು ಮೇಲಕ್ಕೆ ಬಿಡುತ್ತದೆ. ಪೇಸ್ಟ್ ಒಣಗಿದರೆ ಲ್ಯಾಪ್‌ಟಾಪ್ ರಿಪೇರಿ ಗೊತ್ತಿರುವವರು ಬದಲಿಸಬಲ್ಲರು. ಈ ವಿಷಯದಲ್ಲಿ ನಮ್ಮ ಮತ ಸೀರೀಸ್ ಎಕ್ಸ್‌ಗೆ.

ಧೂಳಿನ ಲೆಕ್ಕ ತಿರುಗುಮುರುಗು. ಪಿಎಸ್5ರ ಬದಿಯ ತಟ್ಟೆಗಳಿಗೆ ಸ್ಕ್ರೂ ಇಲ್ಲ. ಮೂಲೆಯನ್ನು ತುಸು ಎತ್ತಿ ಸರಿಸಿದರೆ ಬರುತ್ತವೆ, ವಾರಂಟಿಗೂ ತೊಂದರೆಯಿಲ್ಲ. ಒಳಗೆ ಧೂಳು ಹಿಡಿಯಲೆಂದೇ ಬಿಟ್ಟ ಎರಡು ರಂಧ್ರಗಳಿವೆ. ಪ್ಲಗ್ ಕಿತ್ತು, ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದು, ವ್ಯಾಕ್ಯೂಮ್ ಕ್ಲೀನರನ್ನು ಕಡಿಮೆ ವೇಗದಲ್ಲಿ ಇಟ್ಟು ಎಳೆದರೆ ಸಾಕು. ಬೆರಳಿಡದಿದ್ದರೆ ಫ್ಯಾನ್ ತಾನೇ ತಿರುಗಿ ಬೋರ್ಡಿನತ್ತ ಕರೆಂಟ್ ಹಿಮ್ಮುಖವಾಗಿ ಹೋಗಬಹುದು. ಸೀರೀಸ್ ಎಕ್ಸ್‌ನಲ್ಲಿ ಇಷ್ಟು ಸುಲಭದ ದಾರಿಯಿಲ್ಲ. ಹಿಂಭಾಗದ ಎರಡು ಸ್ಟಿಕ್ಕರ್ ಕಿತ್ತು, ಅಡಿಯಲ್ಲಿರುವ ಟಿ8 (ನಕ್ಷತ್ರಾಕಾರದ ತಲೆಯ) ಸ್ಕ್ರೂ ತೆಗೆದು, ಹಿಂದಿನ ಫಲಕದ ಕ್ಲಿಪ್ಪುಗಳನ್ನು ಬಿಡಿಸಿ, ಇಡೀ ಹೂರಣವನ್ನು ಹೊರಗೆಳೆಯಬೇಕು. ಇನ್ನೊಂದು ಮಾತು: ನಿಲ್ಲಿಸಿಟ್ಟ ಸೀರೀಸ್ ಎಕ್ಸ್‌ನ ಮೇಲೆ ನೀರಿನ ಲೋಟ, ಹೂದಾನಿ ಇಡುವ ಮನೆಗಳಿವೆ. ಚೆಲ್ಲಿದ್ದೆಲ್ಲ ಸೀದಾ ಫ್ಯಾನಿನೊಳಕ್ಕೆ.

ಎರಡನ್ನೂ 35 ಡಿಗ್ರಿವರೆಗಿನ ಕೋಣೆಗೆಂದು ಮಾಡಿದ್ದಾರೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಹೊರಗೆ 40 ದಾಟುತ್ತದೆ. ಮಧ್ಯಾಹ್ನ ಏಸಿಯಿಲ್ಲದ ಕೋಣೆಯಲ್ಲಿ, ಅದರಲ್ಲೂ ಗಾಜಿನ ಬಾಗಿಲಿನ ಟಿವಿ ಕಪಾಟಿನಲ್ಲಿ, ಎರಡೂ ಕಷ್ಟಪಡುತ್ತವೆ. ಗೋಡೆಯಿಂದ ಕನಿಷ್ಠ 10 ಸೆಂಟಿಮೀಟರ್ ಜಾಗ ಬಿಡಿ.

ಅತಿ ಹೆಚ್ಚು ಕಾಟ ಕೊಡುವುದು ಎಚ್‌ಡಿಎಂಐ ಪೋರ್ಟ್. 19 ಸಣ್ಣ ಪಿನ್ನುಗಳು ಬೋರ್ಡಿಗೆ ಬೆಸೆದುಕೊಂಡಿರುತ್ತವೆ. ಕೇಬಲ್ ಸಿಕ್ಕಿಸಿಕೊಂಡೇ ಕನ್ಸೋಲನ್ನು ಎಳೆದರೆ, ಮಗು ಕೇಬಲ್ ಎಡವಿದರೆ ಪಿನ್ ಬಾಗುತ್ತದೆ, ಇಲ್ಲವೇ ಅಡಿಯ ತಾಮ್ರದ ಪಟ್ಟಿಯೇ ಕಿತ್ತು ಬರುತ್ತದೆ. ಪಿಎಸ್5ರಲ್ಲಿ ಬಿಳಿ ದೀಪ ಉರಿಯುತ್ತಿದ್ದು ಟಿವಿ ಕಪ್ಪಗಿದ್ದರೆ ಅಂಗಡಿಗೆ ಓಡುವ ಮೊದಲು ಇಷ್ಟು ಮಾಡಿ. ಕನ್ಸೋಲ್ ಪೂರ್ತಿ ಆಫ್ ಮಾಡಿ, ಪವರ್ ಬಟನ್ ಒತ್ತಿ ಹಿಡಿಯಿರಿ. ಸುಮಾರು 7 ಸೆಕೆಂಡಿಗೆ ಎರಡನೇ ಬೀಪ್ ಬಂದಾಗ ಬಿಡಿ. ಚಿತ್ರ ಬಂದರೆ ಅದು ಸೇಫ್ ಮೋಡ್, ಅಂದರೆ ದೋಷ ಸರಿಪಡಿಸಲೆಂದೇ ಇರುವ ಸರಳ ಮೆನು. ಅಂದರೆ ಪೋರ್ಟ್ ಬಹುಮಟ್ಟಿಗೆ ಬದುಕಿದೆ, ಜಗಳ ರೆಸಲ್ಯೂಶನ್ ಅಥವಾ ಚಿತ್ರದ ನಕಲು ತಡೆಯುವ ಬೀಗವಾದ ಎಚ್‌ಡಿಸಿಪಿಯದ್ದು. ಕಂಟ್ರೋಲರನ್ನು ಯುಎಸ್‌ಬಿ ಕೇಬಲಿನಿಂದ ಜೋಡಿಸಿ ಎರಡನೇ ಆಯ್ಕೆಯಲ್ಲಿ ಅವನ್ನು ಇಳಿಸಿ ನೋಡಿ. ಸೇಫ್ ಮೋಡಿನಲ್ಲೂ ಕತ್ತಲೆಯೇ ಆದರೆ ಟಾರ್ಚ್ ಹಿಡಿದು ಪೋರ್ಟಿನೊಳಗೆ ನೋಡಿ. ಪಿನ್ನುಗಳು ನೆಟ್ಟಗಿದ್ದರೆ ಹಿಂದಿನ ಎಚ್‌ಡಿಎಂಐ ಚಿಪ್ಪಿನ ಮೇಲೆ ಅನುಮಾನ. ಪೋರ್ಟ್ ಬದಲಿಸುವುದಕ್ಕಿಂತ ಚಿಪ್ ಬದಲಿಸುವುದು ದುಬಾರಿ, ಯಶಸ್ಸೂ ಕಡಿಮೆ; ಹಣ ಕೊಡುವ ಮುಂಚೆ ಕೆಟ್ಟಿರುವುದು ಎರಡರಲ್ಲಿ ಯಾವುದು ಎಂದು ಕೇಳಿ.

ಸೀರೀಸ್ ಎಕ್ಸ್‌ನಲ್ಲಿ ಪೋರ್ಟಿನ ದೌರ್ಬಲ್ಯ ಇದೇ. ಕನ್ಸೋಲ್ ಆಫ್ ಇದ್ದಾಗ ಪವರ್ ಮತ್ತು ಎಜೆಕ್ಟ್ ಬಟನ್ ಎರಡನ್ನೂ ಸುಮಾರು 10 ಸೆಕೆಂಡ್ ಒತ್ತಿ ಹಿಡಿದರೆ ಎರಡನೇ ಬೀಪಿನ ಬಳಿಕ ಕಡಿಮೆ ರೆಸಲ್ಯೂಶನ್ನಿನಲ್ಲಿ ತೆರೆದುಕೊಳ್ಳುತ್ತದೆ.

ಕರೆಂಟ್ ಹೋಗಿ ಬರುವ ಊರುಗಳಲ್ಲಿ ಇನ್ನೊಂದು ತೊಂದರೆ. ಗೇಮ್ ಇನ್‌ಸ್ಟಾಲ್ ಆಗುವಾಗ ಕರೆಂಟ್ ಹೋದರೆ ಪಿಎಸ್5 ಮುಂದಿನ ಸಲ ಸ್ಟೋರೇಜ್ ಸರಿಪಡಿಸಲು ಕೂರುತ್ತದೆ; ತಡವರಿಸಿದರೆ ಸೇಫ್ ಮೋಡಿನ ಐದನೇ ಆಯ್ಕೆಯಲ್ಲಿ ಡೇಟಾಬೇಸ್ ಮರುಕಟ್ಟಿಸಿ, ಗೇಮುಗಳು ಅಳಿಯುವುದಿಲ್ಲ. ಎರಡೂ ಗೇಮ್ ಆಡುವಾಗ 200 ವ್ಯಾಟಿನ ಆಸುಪಾಸು ಎಳೆಯುತ್ತವೆ. ಸರಿಯಾಗಿ ಆಫ್ ಮಾಡುವಷ್ಟು ಸಮಯ ಸಿಗಲು 600 ವಿಎ ಯುಪಿಎಸ್ ಸಾಕು.

ಸ್ಟೋರೇಜಿನಲ್ಲಿ ಪಿಎಸ್5ರ ದೊಡ್ಡ ಅನುಕೂಲ ಎಂ.2 ಸ್ಲಾಟ್, ಅಂದರೆ ಹೆಚ್ಚುವರಿ ಎಸ್‌ಎಸ್‌ಡಿ ಹಾಕುವ ಜಾಗ. ಅದಕ್ಕೆ ಬೇಕಾದದ್ದು ಸೆಕೆಂಡಿಗೆ 5,500 ಎಂಬಿ ಓದುವ ಜೆನ್4 (ಪಿಸಿಐಇ ನಾಲ್ಕನೇ ಪೀಳಿಗೆಯ) ಡ್ರೈವ್, ಹೀಟ್‌ಸಿಂಕ್ ಸೇರಿ 11.25 ಮಿಲಿಮೀಟರ್ ಮೀರದ ದಪ್ಪ. ಒಳಗಿನ ಫ್ಲ್ಯಾಶ್ ಮಾತ್ರ ಬೋರ್ಡಿಗೆ ಬೆಸೆದದ್ದು, ಸತ್ತರೆ ಬೋರ್ಡಿನದೇ ಕೆಲಸ. ಸೀರೀಸ್ ಎಕ್ಸ್‌ನ ಒಳಗಿನ ಎಸ್‌ಎಸ್‌ಡಿ ಕಳಚಿ ಬರುತ್ತದೆ, ಆದರೆ ಅಂಗಡಿಯ ಖಾಲಿ ಡ್ರೈವನ್ನು ಹಾಕಿದ ಮಾತ್ರಕ್ಕೆ ಅದು ಒಪ್ಪುವುದಿಲ್ಲ. ಮೊದಲ ಪಿಎಸ್5, ಸೀರೀಸ್ ಎಕ್ಸ್ ಎರಡರಲ್ಲೂ ಡಿಸ್ಕ್ ಡ್ರೈವಿನ ಬೋರ್ಡ್ ಮುಖ್ಯ ಬೋರ್ಡಿಗೆ ಜೋಡಿಯಾಗಿರುತ್ತದೆ. ಡ್ರೈವ್ ಬದಲಿಸುವಾಗ ಹಳೆಯ ಚಿಕ್ಕ ಬೋರ್ಡನ್ನು ಉಳಿಸಿಕೊಳ್ಳಲೇಬೇಕು.

ಸ್ಟಿಕ್ ಡ್ರಿಫ್ಟಿನಲ್ಲಿ, ಅಂದರೆ ಮುಟ್ಟದಿದ್ದರೂ ಸ್ಟಿಕ್ ತಾನೇ ಸರಿದಂತೆ ತೋರುವ ದೋಷದಲ್ಲಿ, ಸೋನಿ, ಮೈಕ್ರೋಸಾಫ್ಟ್ ಸಮಾನ ಅಪರಾಧಿಗಳು. ಎರಡೂ ಕಂಟ್ರೋಲರುಗಳಲ್ಲಿ ಕಾರ್ಬನ್ ಪಟ್ಟಿಯ ಮೇಲೆ ಲೋಹದ ನಾಲಗೆ ಉಜ್ಜಿ ಸ್ಟಿಕ್ಕಿನ ಸ್ಥಾನ ಅಳೆಯುವ ಪೊಟೆನ್ಶಿಯೋಮೀಟರ್ ಇದೆ. ಕಾಂಟ್ಯಾಕ್ಟ್ ಕ್ಲೀನರ್ ಹಾಕಿದರೆ ಕೆಲವು ದಿನ ನೆಮ್ಮದಿ. ಸವೆದ ಕಾರ್ಬನ್ ಮರಳಿ ಬರುವುದಿಲ್ಲ. ಪಿಎಸ್5ರ ಕಂಟ್ರೋಲರ್ ಡ್ಯುಯಲ್‌ಸೆನ್ಸ್‌ನಲ್ಲಿ ಒಂದು ಸ್ಟಿಕ್ಕಿಗೆ 14 ಬೆಸುಗೆ ಬಿಂದು ಬಿಡಿಸಬೇಕು. ಉಜ್ಜದೆ ಆಯಸ್ಕಾಂತದಿಂದ ಅಳೆಯುವ ಹಾಲ್ ಎಫೆಕ್ಟ್ ಸ್ಟಿಕ್ ಹಾಕಿಸಿದರೆ ಸವೆತದ ಕಾಟ ತಪ್ಪುತ್ತದೆ, ಆದರೆ ಕ್ಯಾಲಿಬ್ರೇಶನ್ ಮಾಡದೆ ಬಳಸಬೇಡಿ. ಎಕ್ಸ್‌ಬಾಕ್ಸ್ ಕಂಟ್ರೋಲರಿನ ಎಎ ಸೆಲ್ಲುಗಳು ಇಲ್ಲಿ ಗೆಲ್ಲುತ್ತವೆ: ಹಳೆಯದಾಗುವ ಬ್ಯಾಟರಿಯೇ ಒಳಗಿಲ್ಲ.

ಸ್ವಿಚ್‌ನ ಕಥೆ ಬೇರೆ. ಜಾಯ್‌ಕಾನ್ (ಅದರ ಕಳಚಬಲ್ಲ ಕಂಟ್ರೋಲರ್) ಡ್ರಿಫ್ಟ್ ಕುಖ್ಯಾತ. 2020ರಲ್ಲಿ ನಿಂಟೆಂಡೊ ಅಧ್ಯಕ್ಷ ಶುಂತಾರೊ ಫುರುಕಾವಾ ಕ್ಷಮೆ ಕೇಳಿದರು. ಆದರೂ ಮೂರರಲ್ಲಿ ಮನೆಯಲ್ಲೇ ಬದಲಿಸಬಹುದಾದ ಸ್ಟಿಕ್ ಇದೊಂದೇ. ಹಿಂದಿನ ನಾಲ್ಕು ಮೂರೆಸಳಿನ ಸ್ಕ್ರೂಗಳಿಗೆ ವೈ00 ಡ್ರೈವರ್, ಒಳಗಿನವಕ್ಕೆ ಸಣ್ಣ ಫಿಲಿಪ್ಸ್. ಸ್ಟಿಕ್ಕಿನ ಫ್ಲೆಕ್ಸ್ ಕೇಬಲನ್ನು ಎಳೆಯುವ ಮೊದಲು ಕನೆಕ್ಟರಿನ ಬೀಗವನ್ನು ಎತ್ತಿ. ಅದು ಮುರಿದರೆ ಸ್ಟಿಕ್ ಹೊಸದಾದರೂ ಪ್ರಯೋಜನವಿಲ್ಲ. ಬೆಸುಗೆ ಬೇಡ. ಕನ್ಸೋಲಿನ ನಿಜವಾದ ಅಪಾಯ ಯುಎಸ್‌ಬಿ-ಸಿ ಕಡೆಯದು. ಕಳಪೆ ಡಾಕ್ (ಸ್ವಿಚ್ಚನ್ನು ಟಿವಿಗೆ ಜೋಡಿಸುವ ಸ್ಟ್ಯಾಂಡ್) ಹಾಕಿದರೆ ಚಾರ್ಜಿಂಗ್ ನಿಯಂತ್ರಿಸುವ ಎಂ92ಟಿ36 ಚಿಪ್ ಸುಡುತ್ತದೆ. ಯುಎಸ್‌ಬಿ ಮೀಟರ್ ಮೂಲಕ ಮೂಲ ಅಡಾಪ್ಟರ್ ಹಾಕಿ: ಸರಿಯಿದ್ದರೆ 15 ವೋಲ್ಟಿಗೆ ಏರುತ್ತದೆ, 5ರಲ್ಲೇ ನಿಂತರೆ ಈ ಭಾಗದಲ್ಲಿ ತೊಂದರೆ. ಭಾರತದಲ್ಲಿ ನಿಂಟೆಂಡೊ ಸ್ವಿಚ್ಚನ್ನು ಅಧಿಕೃತವಾಗಿ ತಂದಿಲ್ಲವಾದ್ದರಿಂದ ವಾರಂಟಿ ಎಂದರೆ ಅಂಗಡಿಯವರ ಮಾತು ಮಾತ್ರ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ನಮ್ಮ ಆಯ್ಕೆ ಸೀರೀಸ್ ಎಕ್ಸ್, ಹೊಸದಾದರೆ, ಎಂ.2 ಮತ್ತು ಸುಲಭದ ಶುಚಿಗಾಗಿ ಪಿಎಸ್5. ಹಳೆಯ ಪಿಎಸ್5 ನೋಡಲು ಹೋದಾಗ ಬದಿಯ ತಟ್ಟೆ ಸರಿಸಿ, ಒಳಗಿನ ಸ್ಕ್ರೂಗಳ ಮೇಲಿನ ಸೀಲ್ ಹರಿದಿದೆಯೇ ನೋಡಿ. ಹರಿದಿದ್ದರೆ ದ್ರವಲೋಹ ಮುಟ್ಟಿದ್ದಾರೆಯೇ ಎಂದು ನೇರವಾಗಿ ಕೇಳಿ. ಒಂದು ಡಿಸ್ಕ್ ಹಾಕಿ ಓದಿಸಿ, ಭಾರೀ ಗೇಮನ್ನು ಮುಕ್ಕಾಲು ಗಂಟೆ ಓಡಿಸಿ, ಆ ಹೊತ್ತಿನಲ್ಲಿ ಎಚ್‌ಡಿಎಂಐ ಕೇಬಲಿನ ತುದಿಯನ್ನು ಮೆಲ್ಲಗೆ ಅಲ್ಲಾಡಿಸಿ. ಚಿತ್ರ ಒಂದು ಕ್ಷಣ ಮಿನುಗಿದರೂ ಪೋರ್ಟ್ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಿ.