ಅರವತ್ತು ದಾಟಿದವ್ರಿಗೆ ಪಾರ್ಟ್ ಟೈಮ್ ಕೆಲ್ಸ ಕೊಡ್ಸೋ ರಾಜಾಜಿನಗರದ ಆಫೀಸು: ಐದಕ್ಕೆ ಮೂರೂವರೆ ಸ್ಟಾರ್

ಮೊದ್ಲೇ ಹೇಳ್ಬಿಡ್ತೀನಿ, ಆಫೀಸಿನ ಹೆಸ್ರು ಹಾಕಲ್ಲ. ಅದನ್ನ ನಡ್ಸೋ ಮೇಡಂ ಅವ್ರೇ ಬೇಡ ಅಂದಿದ್ದಾರೆ, ಹಿಂದೆ ಯಾರೋ ವಾಟ್ಸಾಪ್ ಗ್ರೂಪಲ್ಲಿ ನಂಬರ್ ಹಾಕ್ಬಿಟ್ಟು ದಿನಾ ಪೂರ್ತಿ ಫೋನ್ ಎತ್ತೋದ್ರಲ್ಲೇ ಹೋಯ್ತಂತೆ, ಆ ಗಲಾಟೇಲಿ ಕೆಲ್ಸ ಕೊಡೋರ ಫೋನೂ ಮಿಸ್ ಆಯ್ತಂತೆ. ರಾಜಾಜಿನಗರದಲ್ಲಿ ಡಾ. ರಾಜ್‌ಕುಮಾರ್ ರಸ್ತೆಯಿಂದ ಸ್ವಲ್ಪ ಒಳಗೆ, ಕೆಳಗೆ ಮೆಡಿಕಲ್ ಸ್ಟೋರು, ಅದ್ರ ಮೇಲೆ ಟೈಲರ್ರು, ಅದ್ರ ಮೇಲೆ ಇವ್ರು. ಹೌದು, ಎರಡನೇ ಮಹಡಿ, ಲಿಫ್ಟ್ ಇಲ್ಲ. ವಯಸ್ಸಾದವ್ರಿಗೆ ಅಂತಾನೇ ಮಾಡಿರೋ ಆಫೀಸನ್ನ ಎರಡನೇ ಮಹಡೀಲಿ ಇಟ್ಟಿದ್ದಾರಲ್ಲ, ಅರ್ಧ ಸ್ಟಾರ್ ಮೆಟ್ಲಲ್ಲೇ ಕಟ್.

ನಂಗೀಗ 61. ಪೀಣ್ಯದಲ್ಲಿ ಒಂದು ಚಿಕ್ಕ ಫ್ಯಾಕ್ಟರೀಲಿ ಅಕೌಂಟ್ಸ್ ನೋಡ್ಕೊಂಡಿದ್ದೆ, 58ಕ್ಕೆ ಮನೇಗೆ ಕಳ್ಸಿದ್ರು. ಪ್ರೈವೇಟ್‌ನವ್ರ ಪೆನ್ಷನ್ ಗೊತ್ತಲ್ಲ, ಇಪಿಎಸ್‌ನಲ್ಲಿ (ಪಿಎಫ್ ಜೊತೆ ಬರೋ ಪೆನ್ಷನ್ ಯೋಜನೆ) ಕನಿಷ್ಠ ತಿಂಗ್ಳಿಗೆ 1,000 ಅಂತ 2014ರಲ್ಲಿ ಮಾಡಿದ್ದು. ನಂಗೆ ಅದಕ್ಕಿಂತ ಜಾಸ್ತಿನೇ ಬರತ್ತೆ ಅನ್ನಿ, ಆದ್ರೂ ಸಿಲಿಂಡರು, ಬಿಪಿ ಮಾತ್ರೆ, ಮೊಬೈಲ್ ರೀಚಾರ್ಜು ಇಷ್ಟರಲ್ಲೇ ಮುಗ್ದೋಗತ್ತೆ. ಮಗ ಏನೋ "ಯಾಕಮ್ಮ ನಿಂಗೆ ಈ ವಯಸ್ಸಲ್ಲಿ, ನಾನು ಕೊಡಲ್ವಾ" ಅಂತಾನೆ, ಕೊಡ್ತಾನೆ ಕೂಡ, ಆದ್ರೆ ಕೇಳೋ ಕೈ ನಂದಲ್ವಾ. ದಿನಾ ಪೂರ್ತಿ ದುಡಿಯೋ ಶಕ್ತಿನೂ ಇಲ್ಲ ಇಷ್ಟಾನೂ ಇಲ್ಲ, ಮೂರ್ನಾಲ್ಕು ಗಂಟೆ ಕೆಲ್ಸ, ಮನೆಗೆ ಹತ್ರ, ಅಷ್ಟೇ ಬೇಕಿದ್ದಿದ್ದು.

ಮೊದ್ಲು ಎಲ್ರೂ ಮಾಡೋ ಹಾಗೆ ಮೊಬೈಲಲ್ಲಿ ಜಾಬ್ ಆ್ಯಪ್ ಹಾಕೊಂಡೆ. ಯಾವ್ದು ಅಂತ ಕೇಳ್ಬೇಡಿ, ನಾನು ನೋಡಿದ್ದೆಲ್ಲ ಒಂದೇ ಥರ. ಪಾರ್ಟ್ ಟೈಮ್ ಅಂತ ಒತ್ತಿದ್ರೆ ಬೈಕ್ ಇದ್ಯಾ ಲೈಸೆನ್ಸ್ ಇದ್ಯಾ ಅಂತ ಕೇಳತ್ತೆ, ಡೆಲಿವರಿ ಕೆಲ್ಸ. ಅಕೌಂಟ್ಸ್ ಅಂತ ಹಾಕಿದ್ರೆ ವಯಸ್ಸು 21ರಿಂದ 35. ನಿಜವಾದ ವಯಸ್ಸು ಹಾಕಿದ್ಮೇಲೆ ಒಂದೂ ಫೋನ್ ಬರ್ಲಿಲ್ಲ, ಬಂದಿದ್ದು ಅಂದ್ರೆ ಹೋಟೆಲ್‌ಗಳಿಗೆ ಫೈವ್ ಸ್ಟಾರ್ ಒತ್ತಿದ್ರೆ ಒಂದೊಂದಕ್ಕೆ ಇಷ್ಟು ದುಡ್ಡು ಅನ್ನೋ ಮೆಸೇಜುಗಳು. ಇದ್ರ ಬಗ್ಗೆ ಒಂದ್ಮಾತು, ಆ ಮೆಸೇಜಿನವ್ರು ಮೊದ್ಲು ನಿಜವಾಗ್ಲೂ ನೂರಿನ್ನೂರು ಹಾಕ್ತಾರೆ, ಆಮೇಲೆ ಟೆಲಿಗ್ರಾಂ ಗ್ರೂಪಿಗೆ ಸೇರಿಸ್ಕೊಂಡು ನೀವೇ ದುಡ್ಡು ಹಾಕೋ ಥರ "ಟಾಸ್ಕ್" ಕೊಡ್ತಾರೆ, ಅಲ್ಲಿಗೆ ಹೋದ್ರೆ ಹೋಯ್ತು. ನಿಮ್ಮನೇಲಿ ಯಾರಾದ್ರೂ ಸಿಕ್ಕಾಕೊಂಡ್ರೆ ನಾಚ್ಕೊಂಡು ಕೂರ್ಬೇಡಿ, ತಕ್ಷಣ ಸೈಬರ್ ವಂಚನೆ ದೂರಿನ ನಂಬರ್ 1930ಗೆ ಫೋನ್ ಮಾಡಿ, ಬೇಗ ಮಾಡಿದಷ್ಟೂ ದುಡ್ಡು ತಡೆಹಿಡಿಯೋ ಚಾನ್ಸ್ ಜಾಸ್ತಿ. ಮೆಜೆಸ್ಟಿಕ್ ಕಡೆ ಒಂದು ಕನ್ಸಲ್ಟೆನ್ಸೀಗೂ ಹೋಗಿದ್ದೆ, ಮುಖ ನೋಡಿದ ತಕ್ಷಣ ರಿಜಿಸ್ಟ್ರೇಷನ್ನಿಗೆ 2,500 ಕಟ್ಟಿ ಆಮೇಲೆ ಮಾತು ಅಂದ್ರು, ಕೆಳಗಿಳ್ದು ಬಂದೆ.

ಈ ರಾಜಾಜಿನಗರದ ಆಫೀಸಿಗೆ ಹೋಗಿದ್ದು ನಮ್ಮ ಕೆಳಗಿನ ಮನೆ ಅಂಕಲ್ ಹೇಳಿ. ಒಂದು ಟೇಬಲ್ಲು, ನಾಲ್ಕು ಪ್ಲಾಸ್ಟಿಕ್ ಚೇರು, ಒಂದು ಉದ್ದನೆ ರಿಜಿಸ್ಟರ್ ಪುಸ್ತಕ. ಮೇಡಂಗೆ ನಲವತ್ತರ ಹತ್ರ ಇರ್ಬೋದು, ಮೊದ್ಲು ನೀರು ಕೊಟ್ರು (ಕೊಡ್ಲೇಬೇಕು ಆ ಮೆಟ್ಲು ಹತ್ತಿದ್ಮೇಲೆ), ಆಮೇಲೆ ಒಂದು ಹಾಳೆ ಫಾರಂ. ನಂಗೆ ಇಷ್ಟ ಆಗಿದ್ದೇ ಆ ಫಾರಂ. ಓದಿದ್ದು ಏನು ಅನ್ನೋದು ಕೊನೇಲಿದೆ. ಮೇಲ್ಗಡೆ ಕೇಳಿರೋದು ಏನಪ್ಪಾ ಅಂದ್ರೆ, ಒಂದೇ ಸಮ ಎಷ್ಟ್ ಹೊತ್ತು ಕೂರ್ಬೋದು, ಎಷ್ಟ್ ಹೊತ್ತು ನಿಲ್ಬೋದು, ಮನೆಯಿಂದ ಯಾವ ಬಸ್ಸು ಅಥವಾ ಮೆಟ್ರೋ, ಎಷ್ಟು ಬದಲಾಯಿಸ್ಬೇಕು, ಮೊಮ್ಮಕ್ಕಳನ್ನ ಸ್ಕೂಲಿಂದ ಕರ್ಕೊಂಡ್ ಬರೋ ಜವಾಬ್ದಾರಿ ಇದ್ಯಾ ಎಷ್ಟ್ ಗಂಟೆಗೆ, ಕತ್ಲಾದ್ಮೇಲೆ ಕಣ್ಣು ಸರಿ ಕಾಣತ್ತಾ, ಜೋರಾಗಿ ಮಾತಾಡಿದ್ರೆ ಮಾತ್ರ ಕೇಳತ್ತಾ. ಕೇಳೋಕೆ ಒಂಥರಾ ಡಾಕ್ಟರ್ ಶಾಪ್ ಅನ್ಸತ್ತೆ, ಆದ್ರೆ ನಮ್ಮ ವಯಸ್ಸಿನವ್ರು ಕೆಲ್ಸ ಬಿಡೋದು ಕೆಲ್ಸ ಬರಲ್ಲ ಅಂತಲ್ಲ ಸ್ವಾಮಿ, ಎರಡು ಬಸ್ ಬದಲಾಯಿಸಿ ಮಂಡಿ ನೋವಾಗಿ ಬಿಡೋದು. ನಾನು ಹೊಸಹಳ್ಳಿ ಮೆಟ್ರೋ ಹತ್ರ ಇರೋದು, ಹಸಿರು ಲೈನಲ್ಲಿ ಕೆಲ್ಸ ಸಿಕ್ರೆ ಮೆಜೆಸ್ಟಿಕ್ಕಲ್ಲಿ ಇಳ್ದು ಬದಲಾಯಿಸ್ಬೇಕು, ಆ ಮೆಜೆಸ್ಟಿಕ್ ಸ್ಟೇಷನ್ ಒಳಗಿನ ನಡಿಗೆ, ಬೆಳಿಗ್ಗೆ ಹೊತ್ತು ಆ ತಳ್ಳಾಟ, ಬೇಡಪ್ಪ. ಅದನ್ನ ಹೇಳಿದ ತಕ್ಷಣ ಮೇಡಂ ಹಸಿರು ಲೈನ್ ಕಡೆಯ ಮಲ್ಲೇಶ್ವರದ ಎರಡು ಕೆಲ್ಸದ ಮೇಲೆ ಪೆನ್ಸಿಲಲ್ಲಿ ಗೀಟು ಎಳೆದ್ರು, "ಅಮ್ಮ, ಮಾಗಡಿ ರೋಡ್ ಸೈಡಲ್ಲೇ ನೋಡೋಣ, ಬಸ್ಸು ಹೆಂಗೂ ನಿಮ್ಗೆ ಫ್ರೀ ಅಲ್ವಾ" ಅಂದ್ರು.

ಇದು ನಿಜವಾಗ್ಲೂ ದೊಡ್ಡ ವಿಷ್ಯ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ್ಮೇಲೆ ಹೆಂಗಸ್ರಿಗೆ ಬಿಎಂಟಿಸಿ ಆರ್ಡಿನರಿ ಬಸ್ ಫ್ರೀ, ಆಧಾರ್ ತೋರ್ಸಿದ್ರೆ ಶೂನ್ಯ ಟಿಕೆಟ್. ಹತ್ತು ಸಾವಿರದ ಕೆಲ್ಸಕ್ಕೆ ಸಾವಿರ ಒಂದೂವರೆ ಸಾವಿರ ಓಡಾಟಕ್ಕೇ ಹೋದ್ರೆ ಏನ್ ಉಳೀತು. ಗಂಡಸ್ರಿಗೆ 60 ಆದ್ಮೇಲೆ ಬಸ್ಸಲ್ಲಿ 25% ಕಮ್ಮಿ, ಅಷ್ಟೇ. ಮೆಟ್ರೋ ಅಂತೂ 2025ರ ಫೆಬ್ರವರೀಲಿ ರೇಟ್ ಏರಿಸಿದ್ಮೇಲೆ ದೂರದ ಟಿಕೆಟ್ 60 ಇದ್ದಿದ್ದು 90 ಆಯ್ತು, ಹೋಗಿ ಬಂದ್ರೆ 180, ಪಾರ್ಟ್ ಟೈಮ್ ದುಡಿಯೋರಿಗೆ ಅದು ಒಂದು ಗಂಟೆ ಕೂಲಿಗಿಂತ ಜಾಸ್ತಿ.

ಕೆಲ್ಸದ ಲಿಸ್ಟ್ ಹೇಗಿತ್ತು ಅಂದ್ರೆ ಮಿಕ್ಸ್. ಕ್ಲಿನಿಕ್ ರಿಸೆಪ್ಷನ್ ಸಂಜೆ ಹೊತ್ತು, ಕಲ್ಯಾಣ ಮಂಟಪದಲ್ಲಿ ಬುಕಿಂಗ್ ಬರ್ಕೊಳ್ಳೋದು, ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಆಫೀಸು, ಲೇಡೀಸ್ ಪಿಜಿ ವಾರ್ಡನ್, ಪರೀಕ್ಷೆ ಟೈಮಲ್ಲಿ ಇನ್ವಿಜಿಲೇಟರ್. ಆದ್ರೆ ಜಾಸ್ತಿ ಬರ್ತಿರೋದು ಅಕೌಂಟ್ಸೇ ಅಂತೆ, ಕಾರಣ ಕೇಳಿದ್ರೆ ಮೇಡಂ ನಕ್ರು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆಯಿಂದ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಯವ್ರಿಗೆಲ್ಲ ನೋಟಿಸ್ ಬಂತಲ್ಲ, ಅಂಗಡಿಯವ್ರು ಕ್ಯೂಆರ್ ಕೋಡ್ ತೆಗ್ದು "ಓನ್ಲಿ ಕ್ಯಾಶ್" ಬೋರ್ಡ್ ಹಾಕಿದ್ರಲ್ಲ, ಆಗಿಂದ ಸಣ್ಣ ಅಂಗಡಿಯವ್ರಿಗೆ ಬುಕ್ಸ್ ಬರ್ಯೋರು ಬೇಕು ಅನ್ನೋದು ತಲೇಗೆ ಹೋಗಿದೆ. ಅದ್ರ ಹಿಂದೇನೇ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿಲಿ 12 ಮತ್ತೆ 28 ಪರ್ಸೆಂಟ್ ಸ್ಲ್ಯಾಬ್ ಹೆಚ್ಚುಕಮ್ಮಿ ಹೋಯ್ತು, ಬಿಲ್ಲಿಂಗ್ ಸಾಫ್ಟ್‌ವೇರಲ್ಲಿ ಒಂದೊಂದೇ ಐಟಂ ರೇಟ್ ಬದಲಾಯಿಸೋ ಕೆಲ್ಸ ಬೇರೆ. ಪೂರ್ತಿ ಟೈಮಿಗೆ ಅಕೌಂಟೆಂಟ್ ಇಟ್ಕೊಳ್ಳೋಕೆ ಅವ್ರಿಗೆ ಕಟ್ಟಲ್ಲ, ವಾರಕ್ಕೆ ಎರಡು ದಿನ ಯಾರಾದ್ರೂ ಬಂದ್ರೆ ಸಾಕು, ಅಲ್ಲಿಗೆ ನಾವು.

ನಂಗೆ ಸಿಕ್ಕಿದ್ದು ಬಸವೇಶ್ವರನಗರದ ಒಬ್ಬ ಆಡಿಟರ್ ಆಫೀಸು. ಮೂವತ್ತೈದು ವಯಸ್ಸಿರ್ಬೋದು ಆ ಹುಡ್ಗಂಗೆ, ಹುಡ್ಗ ಅನ್ನಬಾರ್ದು ಆದ್ರೂ ನಂಗೆ ಹಾಗೇ. ಇಂಟರ್‌ವ್ಯೂ ಅಂತ ಏನೂ ಕೇಳ್ಲಿಲ್ಲ, ಒಂದು ಕಟ್ಟು ಪರ್ಚೇಸ್ ಬಿಲ್ಲು ಮುಂದೆ ಇಟ್ಟು "ಟ್ಯಾಲಿಲಿ ಎಂಟ್ರಿ ಹಾಕಿ ಮೇಡಂ" ಅಂದ್ರು, ಟ್ಯಾಲಿ ಅಂದ್ರೆ ಲೆಕ್ಕ ಬರ್ಯೋ ಸಾಫ್ಟ್‌ವೇರ್. ಮೂರನೇದೋ ನಾಲ್ಕನೇದೋ ಹೊಸೂರಿನ ಸಪ್ಲೈಯರ್ ಬಿಲ್ಲು, ಜಿಎಸ್‌ಟಿ ನಂಬರ್ 33ರಿಂದ ಶುರು ಆಗಿದೆ ಅಂದ್ರೆ ತಮಿಳ್ನಾಡು, ಮಾಲು ಬಂದಿರೋದು ನಮ್ಮ ಬೆಂಗ್ಳೂರಿಗೆ, ಆದ್ರೆ ಬಿಲ್ಲಲ್ಲಿ ಒಂದೇ ರಾಜ್ಯದೊಳಗಿನ ವ್ಯಾಪಾರದ ಥರ 9 ಮತ್ತೆ 9 ಅಂತ ಸಿಜಿಎಸ್‌ಟಿ ಎಸ್‌ಜಿಎಸ್‌ಟಿ ಹಾಕಿದ್ದಾರೆ. ರಾಜ್ಯ ದಾಟಿ ಬಂದ ಮಾಲಿಗೆ ಐಜಿಎಸ್‌ಟಿ 18 ಆಗ್ಬೇಕಲ್ವಾ, ಹಾಗೆ ಎಂಟ್ರಿ ಹಾಕಿದ್ರೆ ಕಟ್ಟಿದ ತೆರಿಗೆಗೆ ಕ್ರೆಡಿಟ್ ತಗೊಳ್ಳೋದು ಹೇಗೆ. ಬಿಲ್ಲು ಪಕ್ಕಕ್ಕಿಟ್ಟು ಇದನ್ನ ವಾಪಸ್ ಕಳ್ಸಿ ತಿದ್ದಿಸ್ಬೇಕು ಅಂದೆ. ಅವ್ರು ಅದನ್ನ ಬೇಕಂತಲೇ ಕಟ್ಟಲ್ಲಿ ಸೇರ್ಸಿದ್ರಂತೆ, ಮುಂಚೆ ಬಂದ ಹುಡುಗ್ರು ಬಿಲ್ಲಲ್ಲಿ ಹೆಂಗಿದ್ಯೋ ಹಂಗೇ ಹೊಡ್ಕೊಂಡು ಹೋಗಿದ್ರಂತೆ. ಕಾಫಿ ತರ್ಸಿದ್ರು, ಕೆಲ್ಸ ಆಯ್ತು.

ಟೈಮಿಂಗ್ಸ್ ಚೆನ್ನಾಗಿ ಕೂತ್ಕೊಂಡಿದೆ. ಜಿಎಸ್‌ಟಿ ರಿಟರ್ನ್‌ಗಳಲ್ಲಿ ಜಿಎಸ್‌ಟಿಆರ್-1 ತಿಂಗ್ಳ 11ಕ್ಕೆ, 3ಬಿ 20ಕ್ಕೆ, ಹಾಗಾಗಿ 5ನೇ ತಾರೀಖಿಂದ 20ರ ತನಕ ಭಾನುವಾರ ಬಿಟ್ಟು ದಿನಾ ಹನ್ನೊಂದರಿಂದ ಮೂರು, ಮಿಕ್ಕಿದ್ದ ದಿನ ವಾರಕ್ಕೆರಡು ಸಲ. 10,000 ಅಂತ ಮಾತು, ಕೈಗೆ ಬರೋದು 9,000. ಯಾಕಂದ್ರೆ ಸಂಬಳ ಅಂತ ತೋರ್ಸಲ್ಲ, ಪ್ರೊಫೆಷನಲ್ ಫೀಸ್ ಅಂತ ತೋರ್ಸಿ 10% ಟಿಡಿಎಸ್ (ಮುಂಚೇನೇ ಕತ್ತರಿಸೋ ಇನ್ಕಮ್ ಟ್ಯಾಕ್ಸ್) ಹಿಡೀತಾರೆ, ವರ್ಷಕ್ಕೆ 50,000 ದಾಟಿದ್ರೆ ಹಿಡೀಲೇಬೇಕು. ಪಕ್ಕದ್ಮನೆಯವ್ರು ಬ್ಯಾಂಕಿಗೆ ಕೊಟ್ಟಂಗೆ ಟ್ಯಾಕ್ಸ್ ಹಿಡೀಬೇಡಿ ಅನ್ನೋ 15ಎಚ್ ಫಾರಂ ಕೊಟ್ಬಿಡಿ ಅಂದ್ರು, ಅದು ಎಫ್‌ಡಿ ಬಡ್ಡಿ ಥರದಕ್ಕೆ, ಈ ಫೀಸಿಗೆ ನಡ್ಯಲ್ಲ. ರಿಟರ್ನ್ ಹಾಕಿದ್ರೆ ವಾಪಸ್ ಬರತ್ತೆ, ಅದಕ್ಕೇ ವರ್ಷದ ಕೊನೇಲಿ ಒಂದು ಸಣ್ಣ ಚೀಟಿ ಇದ್ದಂಗೆ ಅಂದ್ಕೊಂಡಿದ್ದೀನಿ. ಇನ್ನು ಕೆಲಸಕ್ಕೆ ಸೇರಿದ್ರೆ ಇಪಿಎಸ್ ಪೆನ್ಷನ್ ನಿಂತ್ಹೋಗತ್ತೆ ಅಂತ ಸುಮಾರು ಜನ ಹೆದರ್ತಾರೆ, 58 ಆಗಿ ಪೆನ್ಷನ್ ಶುರು ಆದ್ಮೇಲೆ ಕೆಲ್ಸ ಮಾಡಿದ್ರೆ ಅದು ನಿಲ್ಲಲ್ಲ.

ಈಗ ರಾಜಾಜಿನಗರದ ಆಫೀಸಿಗೆ ಬೈಗುಳ. ದುಡ್ಡಿನ ವಿಷ್ಯದಲ್ಲಿ ಕ್ಲೀನ್, ನಮ್ಮ ಹತ್ರ ಒಂದು ರೂಪಾಯಿ ತಗೊಳಲ್ಲ, ಕೆಲ್ಸ ಕೊಡೋರ ಹತ್ರ ಅರ್ಧ ತಿಂಗ್ಳ ಸಂಬಳ ತಗೊಳ್ತಾರೆ. ಆದ್ರೆ ದುಡ್ಡು ಅವ್ರು ಕೊಡ್ತಾರೆ ಅಂದ್ಮೇಲೆ ಮಾತೂ ಅವ್ರ ಕಡೇನೇ ವಾಲತ್ತೆ. ಬರವಣಿಗೇಲಿ ಏನೂ ಇಲ್ಲ, ಎಷ್ಟು ಗಂಟೆ ಎಷ್ಟು ರಜ ಎಲ್ಲ ಬಾಯ್ಮಾತು. ನಾನು ಆಡಿಟರ್ ಹತ್ರ ನಾನೇ ಕೇಳಿ ವಾಟ್ಸಾಪಲ್ಲಿ ಒಂದು ಮೆಸೇಜ್ ಹಾಕಿಸ್ಕೊಂಡೆ, ಗಂಟೆ, ದಿನ, ಮೊತ್ತ, ದುಡ್ಡು ಯಾವ ತಾರೀಖಿಗೆ, ನೀವೂ ಹಾಗೇ ಮಾಡಿ. ನಂಜೊತೆ ಫಾರಂ ತುಂಬಿದ ಒಬ್ರು ಹೆಂಗಸ್ರು, ಜೀವನ ಪೂರ್ತಿ ಮನೆ ನೋಡ್ಕೊಂಡವ್ರು, ಆಫೀಸು ಎಕ್ಸ್‌ಪೀರಿಯನ್ಸ್ ಇಲ್ಲ ಅಂದ ತಕ್ಷಣ ಅವ್ರಿಗೆ ತೋರ್ಸಿದ್ದೇ ಒಂದು ಕೆಲ್ಸ, ಯಾರ್ದೋ ಮನೇಲಿ ಹಾಸಿಗೆ ಹಿಡ್ದಿರೋ ಅಜ್ಜೀನ ನೋಡ್ಕೊಳ್ಳೋದು, ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟು. ಹನ್ನೆರಡು ಗಂಟೆ ಯಾವ ಸೀಮೆ ಪಾರ್ಟ್ ಟೈಮು? 63 ವಯಸ್ಸಿನವ್ರು 85ರ ಅಜ್ಜೀನ ಎತ್ತಿ ಕೂರಿಸ್ಬೇಕಂತೆ. ಅಷ್ಟು ಚೆಂದದ ಫಾರಂ ಮಾಡಿಟ್ಟು, ಎಷ್ಟ್ ಹೊತ್ತು ನಿಲ್ತೀರ ಅಂತೆಲ್ಲ ಕೇಳಿ, ಆಮೇಲೆ ಅದನ್ನ ನೋಡ್ದೇನೇ ಕೆಲ್ಸ ತೋರ್ಸೋದಾದ್ರೆ ಆ ಫಾರಂ ಯಾಕೆ. ಒಂದು ಸ್ಟಾರ್ ಇದಕ್ಕೇ ಹೋಗಿದ್ದು. ಆಕೆ ಬೇಡ ಅಂದು ಎದ್ರು, ಮನೆ ಹತ್ರ ಮಕ್ಕಳಿಗೆ ಕನ್ನಡ ಟ್ಯೂಷನ್ ಶುರು ಮಾಡಿದ್ದಾರೆ ಅಂತ ಆಮೇಲೆ ಬಸ್‌ಸ್ಟಾಪಲ್ಲಿ ಸಿಕ್ಕಿ ಹೇಳಿದ್ರು.

ಕೆಳಗಿನ ಮನೆ ಅಂಕಲ್‌ಗೆ ಪಾಪ ಇನ್ನೂ ಸಿಕ್ಕಿಲ್ಲ. ಬ್ಯಾಂಕಲ್ಲಿದ್ದವ್ರು, ಇಂಗ್ಲಿಷ್ ಚೆನ್ನಾಗಿದೆ, ಆದ್ರೆ ಮ್ಯಾನೇಜರ್ ಆಗಿದ್ದವ್ರನ್ನ ಕೆಳಗಿನ ಕೆಲ್ಸಕ್ಕೆ ಇಟ್ಕೊಳ್ಳೋಕೆ ಜನ ಮುಜುಗರ ಪಡ್ತಾರಂತೆ, "ಸರ್‌ಗೆ ಹೆಂಗೆ ಕೆಲ್ಸ ಹೇಳೋದು" ಅಂತ. ಗಂಡಸ್ರಿಗೆ ಬರೋ ಕರೆಗಳಲ್ಲಿ ಸೆಕ್ಯುರಿಟೀನೇ ಜಾಸ್ತಿ, ಅದೂ ಹನ್ನೆರಡು ಗಂಟೆ ಶಿಫ್ಟು.

ಇಲ್ಲಿ ಆಗ್ಲಿಲ್ಲ ಅಂದ್ರೆ ದುಡ್ಡು ಕಟ್ಟೋ ಕನ್ಸಲ್ಟೆನ್ಸಿ ಕಡೆ ಹೋಗ್ಬೇಡಿ. ಕೇಂದ್ರ ಸರ್ಕಾರದವ್ರು 60 ಆದವ್ರಿಗೆ ಅಂತಾನೇ ಸೇಕ್ರೆಡ್ ಅನ್ನೋ ಉದ್ಯೋಗ ಪೋರ್ಟಲ್ ಮಾಡಿದ್ರು, 2021ರ ಅಕ್ಟೋಬರ್ 1, ಹಿರಿಯರ ದಿನಕ್ಕೆ ಶುರು ಆಗಿದ್ದು. ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನವ್ರು ಬೆಂಗ್ಳೂರಲ್ಲಿ ಹಿರಿಯರಿಗೆ ಅಂತಾನೇ ಜಾಬ್ ಫೇರ್ ಮಾಡಿದ್ದಾರೆ, ಮತ್ತೆ ಮಾಡ್ತಾರಾ ಅಂತ ಕಣ್ಣಿಟ್ಟಿರಿ. ಎಲ್ಡರ್‌ಲೈನ್ 14567 ಅಂತ ಒಂದು ಫ್ರೀ ನಂಬರ್ ಇದೆ, ಪೆನ್ಷನ್ನು, ಕಾನೂನು, ಮನೇಲಿ ತೊಂದ್ರೆ ಇಂಥದಕ್ಕೆಲ್ಲ ಕೇಳ್ಬೋದು.

ರಾಜಾಜಿನಗರಕ್ಕೆ ಹೋಗೋದಾದ್ರೆ ಬೆಳಿಗ್ಗೆ ಹತ್ತೂವರೆ ಒಳಗೆ ಹೋಗಿ, ಮಧ್ಯಾಹ್ನ ಒಂದರಿಂದ ಮೂರು ಬೀಗ. ಕೆಳಗೆ ಮೆಡಿಕಲ್ ಸ್ಟೋರಿನ ಹುಡ್ಗನ್ನ ಮೊದ್ಲು ಕೇಳಿ ಮೇಡಂ ಬಂದಿದ್ದಾರಾ ಅಂತ, ಸುಮ್ನೆ ಎರಡು ಮಹಡಿ ಹತ್ತಿ ಇಳ್ಯೋದು ತಪ್ಪತ್ತೆ. ಆಧಾರ್ ಜೆರಾಕ್ಸ್, ಹಳೇ ಕೆಲ್ಸದ ಸರ್ವೀಸ್ ಲೆಟರ್ ಇದ್ರೆ ಅದು, ಮತ್ತೆ ನಿಮ್ಮ ಬಗ್ಗೆ ಫೋನಲ್ಲಿ ನಾಲ್ಕು ಮಾತಾಡೋ ಹಳೇ ಆಫೀಸಿನವ್ರೊಬ್ರ ನಂಬರು. ನಮ್ಮ ಹಳೇ ಮ್ಯಾನೇಜರ್ ರಿಟೈರ್ ಆಗಿ ಹಾಸನ ಸೇರ್ಕೊಂಡಿದ್ದಾರೆ, ಮೇಡಂ ಅವ್ರಿಗೇ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದ್ರಂತೆ, ಅದ್ರಲ್ಲಿ ನನ್ನ ವಿಷ್ಯ ಎರಡು ನಿಮಿಷ, ಮಿಕ್ಕಿದ್ದೆಲ್ಲ ಅವ್ರಿಗೂ ಏನಾದ್ರೂ ಕೆಲ್ಸ ಇದ್ಯಾ ಅಂತ.